ಈ ಕೋಣೆಯಲ್ಲಿ ಯಾರು ಮಲಗುತ್ತಾರೆ? ಕೆನಡಾದ ಪ್ರಧಾನಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಧಾನಿ ಮಾರ್ಕ್ ಕಾರ್ನಿ ಅವರಿಗೆ ನಮಸ್ಕಾರಗಳು.

ನಾನು ನಿಮ್ಮ ನೇಪಿಯನ್ ಕ್ಷೇತ್ರದ ಮತದಾರಳು. ಹಾಸನ ಜಿಲ್ಲೆಯಲ್ಲಿ ಹುಟ್ಟಿ, ಅಲ್ಲೇ ನರ್ಸಿಂಗ್ ಕಲಿತು, ಈ ದೇಶಕ್ಕೆ ಬಂದು ನೆಲೆಸಿದವಳು. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದು ನನ್ನವರೂ ಓದಲಿ ಎಂದು. ನಿಮಗಿಂತ ಮೊದಲು ನಮ್ಮ ಕ್ಷೇತ್ರದ ಸಂಸದರಾಗಿದ್ದವರು ಶಿರಾ ಕಡೆಯ ಚಂದ್ರ ಆರ್ಯ. 2022ರ ಮೇ ತಿಂಗಳಲ್ಲಿ ಅವರು ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದಾಗ ಇಲ್ಲಿನ ಪ್ರತಿ ಕನ್ನಡಿಗರ ಮನೆಯಲ್ಲೂ ಆ ವಿಡಿಯೊ ಓಡಿತು. ನಮ್ಮ ಭಾಷೆ ಅಲ್ಲಿ ಕೇಳಿಸಿತೆಂದು ಹಿಗ್ಗಿದ ನಾವು, ಅದೇ ಸಭೆಯಲ್ಲಿ ವರ್ಷಗಳಿಂದ ಮನೆ ಕೇಳುತ್ತಿರುವ, ಉತ್ತರದ ಹಿಮನಾಡಿನ ಮೂಲನಿವಾಸಿಗಳಾದ ಇನ್ಯೂಟ್ ಜನರ ದನಿಗೂ ಕಿವಿಗೊಡಬೇಕಲ್ಲವೇ?

ಕೆಲವು ವರ್ಷಗಳ ಹಿಂದೆ ಕೆನಡಾದ ಉತ್ತರದಲ್ಲಿ, ಇನ್ಯೂಟರೇ ಹೆಚ್ಚಾಗಿರುವ ನುನಾವುಟ್ ಪ್ರಾಂತದ ಒಂದು ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡಿದೆ. ಊರಿನ ಹೆಸರು ಬರೆಯುವುದಿಲ್ಲ. ಸಾವಿರ ಜನರೂ ಇಲ್ಲದ ಊರು, ಹೆಸರು ಹೇಳಿದರೆ ಮನೆಯೇ ಗೊತ್ತಾಗುತ್ತದೆ. ಅಲ್ಲಿ ನನ್ನ ಕೆಲಸದಲ್ಲಿ ಒಂದು ಪಾಲು ಕ್ಷಯದ್ದು. ಮಾತ್ರೆಯ ಪೊಟ್ಟಣ ಹಿಡಿದು ಮನೆಮನೆಗೆ ಹೋಗಿ, ರೋಗಿ ಅದನ್ನು ನುಂಗುವುದನ್ನು ಕಣ್ಣಾರೆ ನೋಡಿ ಬರಬೇಕು. ಹೊಸ ರೋಗಿ ಪತ್ತೆಯಾದರೆ ಜೊತೆಗಿರುವವರ ಪಟ್ಟಿ ಮಾಡಬೇಕು. ಮೊದಲ ದಿನ ಒಂದು ಮನೆಯಲ್ಲಿ ಅಜ್ಜಿಯೊಬ್ಬರನ್ನು ಕೇಳಿದೆ: "ಈ ಮನೆಯಲ್ಲಿ ಯಾರು ಯಾರು ಮಲಗುತ್ತಾರೆ?" ನನ್ನ ಜೊತೆಗಿದ್ದ ದುಭಾಷಿ ಅದನ್ನು ಇನ್ಯೂಟರ ಇನುಕ್ಟಿಟುಟ್ ಭಾಷೆಯಲ್ಲಿ ಹೇಳಿದಳು. ಅಜ್ಜಿ ತಿರುಗಿ ಕೇಳಿದರು: "ಹಗಲೋ, ರಾತ್ರಿಯೋ?"

ಮೂರು ಮಲಗುವ ಕೋಣೆಗಳ ಆ ಮನೆಯಲ್ಲಿ ಹದಿಮೂರು ಜನರಿದ್ದರು. ರಾತ್ರಿ ಮಕ್ಕಳು ಮತ್ತು ಹಿರಿಯರು ಮಲಗುತ್ತಿದ್ದರು. ಹದಿಹರೆಯದವರು ಊರೆಲ್ಲ ಸುತ್ತಿ ಬೆಳಗಿನ ಜಾವ ಬಂದು, ಕೆಲಸಕ್ಕೆ ಹೋದವರ ಹಾಸಿಗೆಯಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಹುಡುಗನಿಗೆ ಸೋಮಾರಿ ಎಂಬ ಹೆಸರು ಬರುವುದು ಹೀಗೆ. ಕಿಟಕಿಯ ಕೆಳಗೆ, ಹಾಸಿಗೆ ತಾಗುವ ಗೋಡೆಯ ಮೇಲೆ, ಒಂದು ಕಂಬಳಿಯಷ್ಟು ಅಗಲಕ್ಕೆ ಕಪ್ಪು ಬೂಷ್ಟು. ಹೊರಗೆ ಮೈನಸ್ ಮೂವತ್ತು ಡಿಗ್ರಿ ಚಳಿ, ಕಿಟಕಿ ತೆರೆಯುವಂತಿಲ್ಲ. ಅಷ್ಟು ಜನರ ಉಸಿರು, ಒಗೆದ ಬಟ್ಟೆಯ ತೇವ ಎಲ್ಲ ಆ ಗೋಡೆಗೇ ಇಳಿಯುತ್ತದೆ. ನೀರು ಲಾರಿಯಲ್ಲಿ ಬಂದು ಮನೆಯೊಳಗಿನ ತೊಟ್ಟಿ ತುಂಬಬೇಕು. ಐದು ಜನರಿಗೆ ಸಾಕಾಗುವ ತೊಟ್ಟಿ ಹದಿಮೂರು ಜನರಿಗೆ ಎಷ್ಟು ಹೊತ್ತು ಬಂದೀತು? ಕೈ ತೊಳೆಯಿರಿ ಎಂಬ ಆರೋಗ್ಯ ಇಲಾಖೆಯ ಚಿತ್ರಪಟವನ್ನು ಆ ಮನೆಯಲ್ಲಿ ಕೊಡಲು ನನಗೆ ಕೈ ಬರಲಿಲ್ಲ.

ಇನ್ನು ನನ್ನ ಮನೆಯ ಮಾತು. ವಿಮಾನದಿಂದ ಇಳಿದ ದಿನವೇ ನನಗೆ ಬೀಗದ ಕೈ ಕೊಟ್ಟರು. ದಕ್ಷಿಣದಿಂದ ಬರುವ ನರ್ಸ್, ಶಿಕ್ಷಕ, ಪೊಲೀಸರಿಗೆ ಮನೆ ಇಲ್ಲದಿದ್ದರೆ ಯಾರೂ ಬರುವುದಿಲ್ಲ, ಹಾಗಾಗಿ ಕೆಲಸದ ಜೊತೆಗೇ ಮನೆ. ನನ್ನೊಬ್ಬಳಿಗೆ ಎರಡು ಮಲಗುವ ಕೋಣೆ. ಎರಡನೆಯದರಲ್ಲಿ ನನ್ನ ಸೂಟ್‌ಕೇಸ್, ಒಂದು ಚೀಲ ಅಕ್ಕಿ, ಅಮ್ಮ ಕಳುಹಿಸಿದ ಸಾರಿನಪುಡಿಯ ಡಬ್ಬ ಇದ್ದವು. ಒಂದು ಸಂಜೆ ದುಭಾಷಿ ಚಹಾಕ್ಕೆ ಬಂದಿದ್ದಳು. ಆಕೆ ಆ ಕೋಣೆಯ ಬಾಗಿಲಲ್ಲಿ ನಿಂತು, ದಿನವೂ ನನ್ನ ಬಾಯಿಂದ ಕೇಳುತ್ತಿದ್ದ ಪ್ರಶ್ನೆಯನ್ನೇ ಮೆಲ್ಲಗೆ ಕೇಳಿದಳು: "ಈ ಕೋಣೆಯಲ್ಲಿ ಯಾರು ಮಲಗುತ್ತಾರೆ?"

ಆಕೆ ಅದೇ ಊರಿನಲ್ಲಿ ಹುಟ್ಟಿ ಬೆಳೆದವಳು. ಆಕೆ ಇಲ್ಲದಿದ್ದರೆ ಆ ಆರೋಗ್ಯ ಕೇಂದ್ರದಲ್ಲಿ ನನ್ನ ಕಲಿಕೆಯೆಲ್ಲ ಮೂಕ. ಆದರೆ ಆಕೆಯ ಹುದ್ದೆಯ ಜೊತೆ ಮನೆ ಬರುವುದಿಲ್ಲ. ತಾಯಿ, ಅಣ್ಣಂದಿರು, ಅವರ ಮಕ್ಕಳ ನಡುವೆ ತನ್ನ ಇಬ್ಬರು ಮಕ್ಕಳೊಂದಿಗೆ ಸೋಫಾದ ಮೇಲೆ ಮಲಗುತ್ತಾ, ಸಾರ್ವಜನಿಕ ವಸತಿಯ ಪಟ್ಟಿಯಲ್ಲಿ ತನ್ನ ಸರದಿ ಕಾಯುತ್ತಿದ್ದಳು. ಅವತ್ತು ನಾನು ಏನೂ ಉತ್ತರ ಕೊಡಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ. ಬೇಕೆಂದು ಮನಸ್ಸು ಮಾಡಿದರೆ ಆ ಹಿಮದ ನೆಲದಲ್ಲೂ ಸರ್ಕಾರ ಬೆಚ್ಚಗಿನ ಮನೆ ಕಟ್ಟಬಲ್ಲದು ಎಂಬುದಕ್ಕೆ ನಾನೇ ಸಾಕ್ಷಿ. ಆ ಮನೆಯಲ್ಲಿ ನಾನು ವಾಸವಿದ್ದೆ.

2021ರ ಜನಗಣತಿಯ ಪ್ರಕಾರ ಇನ್ಯೂಟ್ ನಾಡಿನಲ್ಲಿರುವ ಇನ್ಯೂಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಕ್ಕಟ್ಟಿನ ಮನೆಗಳಲ್ಲಿದ್ದಾರೆ. ಸುಮಾರು ಮೂರನೇ ಒಂದು ಭಾಗದ ಜನರ ಮನೆಗಳಿಗೆ ದೊಡ್ಡ ದುರಸ್ತಿ ಬೇಕು. ಕೆನಡಾದಲ್ಲಿ ಹುಟ್ಟಿದ, ಮೂಲನಿವಾಸಿಗಳಲ್ಲದವರಿಗೆ ಹೋಲಿಸಿದರೆ ಇನ್ಯೂಟರಲ್ಲಿ ಕ್ಷಯದ ಪ್ರಮಾಣ ಸುಮಾರು 300 ಪಟ್ಟು ಎಂದು ನಿಮ್ಮ ಸರ್ಕಾರವೇ ಹೇಳಿದೆ. 2018ರಲ್ಲಿ, 2030ರೊಳಗೆ ಅಲ್ಲಿ ಕ್ಷಯವನ್ನು ನಿರ್ಮೂಲ ಮಾಡುತ್ತೇವೆ ಎಂದು ನಿಮ್ಮ ಪಕ್ಷದ ಅಂದಿನ ಸರ್ಕಾರ ಮಾತು ಕೊಟ್ಟಿತು. ಮರುವರ್ಷ ಮಾರ್ಚ್‌ನಲ್ಲಿ ನಿಮ್ಮ ಹಿಂದಿನ ಪ್ರಧಾನಿ ಜಸ್ಟಿನ್ ಟ್ರುಡೊ ನುನಾವುಟ್ ರಾಜಧಾನಿ ಇಕಾಲುಯಿಟ್‌ಗೆ ಹೋಗಿ, ಹಿಂದೆ ಕ್ಷಯ ರೋಗಿಗಳನ್ನು ಹಡಗಿಗೆ ತುಂಬಿ ದಕ್ಷಿಣಕ್ಕೆ ಸಾಗಿಸಿ, ಅನೇಕರನ್ನು ಮನೆಗೆ ಸುಳಿವೂ ಕೊಡದೆ ಅಲ್ಲೇ ಮಣ್ಣು ಮಾಡಿದ್ದಕ್ಕೆ ಕ್ಷಮೆ ಕೇಳಿದರು. 2021ರಲ್ಲಿ ನುನಾವುಟ್‌ನ ಪಾಂಗ್ನಿರ್ಟಂಗ್ ಊರಿನಲ್ಲಿ ಮತ್ತೆ ಕ್ಷಯ ಹಬ್ಬಿತು. ಕ್ಷಯ ಇಕ್ಕಟ್ಟಿನ ಮನೆಯ ಕಾಯಿಲೆ ಎಂದು ನಾನು ಹಾಸನದಲ್ಲೇ ಕಲಿತಿದ್ದೆ. ಮಾತ್ರೆ ನುಂಗಿಸಿ ಅದೇ ಕೋಣೆಗೆ ಕಳುಹಿಸಿದರೆ ಯಾವ ನಿರ್ಮೂಲನೆ?

ಇವರು ತಾವಾಗಿ ಬಂದು ಈ ಊರುಗಳಲ್ಲಿ ಸಿಕ್ಕಿಕೊಂಡವರಲ್ಲ. ಬೇಟೆಯ ನೆಲೆಗಳಲ್ಲಿ ಬದುಕುತ್ತಿದ್ದವರನ್ನು 1950 ಮತ್ತು 60ರ ದಶಕಗಳಲ್ಲಿ ಶಾಲೆ, ಮನೆ, ಔಷಧಿಯ ಆಸೆ ತೋರಿಸಿ ಒಂದೆಡೆ ಕೂಡಿಸಿದ್ದು ಕೇಂದ್ರ ಸರ್ಕಾರ. 1993ರಲ್ಲಿ ಹೊಸ ಸಾರ್ವಜನಿಕ ವಸತಿಗೆ ಹಣ ನಿಲ್ಲಿಸಿದ್ದೂ ಕೇಂದ್ರ ಸರ್ಕಾರವೇ. ಅಂದಿನ ಮಕ್ಕಳು ಇಂದು ಅಜ್ಜ ಅಜ್ಜಿಯರು. ಮನೆ ಮಾತ್ರ ಅದೇ.

ಚುನಾವಣೆಗೆ ಮೊದಲು, 2025ರ ಮಾರ್ಚ್‌ನಲ್ಲಿ, ನೀವು ಇಕಾಲುಯಿಟ್‌ನಲ್ಲಿ ನಿಂತು ಸುಮಾರು 600 ಕೋಟಿ ಡಾಲರ್‌ಗಳ ರೇಡಾರ್ ವ್ಯವಸ್ಥೆ ಘೋಷಿಸಿದಿರಿ. ಉತ್ತರದ ಗಡಿ ಕಾಯಬೇಕು, ಒಪ್ಪುತ್ತೇನೆ. ಆದರೆ ಆ ನೆಲ ಕೆನಡಾದ್ದು ಎಂದು ಜಗತ್ತಿಗೆ ಹೇಳಲು 1953ರಲ್ಲಿ ಕ್ವಿಬೆಕ್‌ನ ಇನುಕ್ಜುವಾಕ್‌ನಿಂದ ಇನ್ಯೂಟ್ ಕುಟುಂಬಗಳನ್ನು ಎತ್ತಿ ದೂರದ ಉತ್ತರದ ಗ್ರೀಸ್ ಫಿಯರ್ಡ್, ರೆಸಲ್ಯೂಟ್‌ಗಳ ಹಿಮದಲ್ಲಿ ಇಳಿಸಿದ್ದನ್ನು ಅಲ್ಲಿನವರು ಮರೆತಿಲ್ಲ. ಅದಕ್ಕೆ ಕ್ಷಮೆ ಬಂದದ್ದು 2010ರಲ್ಲಿ. ದೇಶದ ಹಕ್ಕು ಸಾಧಿಸಲು ಬೇಕಾದ ಜನರಿಗೆ ಮಲಗಲು ಹಾಸಿಗೆಯ ಹಕ್ಕು ಇರಬೇಡವೇ?

2019ರಲ್ಲಿ ನುನಾವುಟ್ ತನ್ನ ಸಂಸದೆಯಾಗಿ ಇಪ್ಪತ್ತೈದರ ಯುವತಿ ಮುಮಿಲಾಕ್ ಕಾಕಾಕ್ ಅವರನ್ನು ಕಳುಹಿಸಿತು. ಅವರು ಊರೂರು ತಿರುಗಿ ಮನೆಗಳನ್ನು ಹೊಕ್ಕು ನೋಡಿ, 2021ರ ಮಾರ್ಚ್‌ನಲ್ಲಿ ವರದಿ ಕೊಟ್ಟರು. ಅದರ ಚಿತ್ರಗಳಲ್ಲಿ ನಾನು ಕಂಡ ಗೋಡೆಯಂಥ ಗೋಡೆಗಳಿವೆ. ಮತ್ತೆ ಚುನಾವಣೆಗೆ ನಿಲ್ಲದೆ ಆಕೆ ಮನೆಗೆ ಹೋದರು. ದಯವಿಟ್ಟು ಆ ವರದಿಯನ್ನು ಒಮ್ಮೆ ತರಿಸಿಕೊಂಡು ಓದಿ.

ನೀವು ಏನೂ ಮಾಡಿಲ್ಲ ಎನ್ನುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ವಸತಿ ಸಂಸ್ಥೆ ಆರಂಭಿಸಿದಾಗ ನುನಾವುಟ್‌ಗೆ 700ಕ್ಕೂ ಹೆಚ್ಚು ಮನೆಗಳು ಎಂದಿರಿ. ನುನಾವುಟ್ ಸರ್ಕಾರವೂ 2030ರೊಳಗೆ 3,000 ಮನೆಗಳ ಗುರಿ ಇಟ್ಟುಕೊಂಡಿದೆ. ಸಂತೋಷ. ಆದರೆ ಆ ನಾಡಿನ ಲೆಕ್ಕ ಹಡಗಿನ ಲೆಕ್ಕ. ಅಲ್ಲಿನ 25 ಊರುಗಳಲ್ಲಿ ಒಂದಕ್ಕೂ ಹೊರಗಿನಿಂದ ರಸ್ತೆಯಿಲ್ಲ. ಮರದ ಹಲಗೆಯಿಂದ ಮೊಳೆಯವರೆಗೆ ಎಲ್ಲವೂ ಮಂಜುಗಡ್ಡೆ ಕರಗಿದ ಕೆಲವೇ ತಿಂಗಳಲ್ಲಿ ಹಡಗಿನಲ್ಲಿ ಬರಬೇಕು. ರಾಜಧಾನಿ ಒಟ್ಟಾವಾದಲ್ಲಿ ಒಂದು ಸಹಿ ಎರಡು ತಿಂಗಳು ತಡವಾದರೆ ಅಲ್ಲಿ ಮನೆ ಒಂದು ವರ್ಷ ತಡ.

ಆದ್ದರಿಂದ ಬೇಡುವುದಿಷ್ಟು. ಹಣವನ್ನು ವರ್ಷ ವರ್ಷ ಬಜೆಟ್ ನೋಡಿ ಹಂಚದೆ, ಹತ್ತು ವರ್ಷಕ್ಕೆ ಒಮ್ಮೆಲೇ ಖಾತರಿ ಮಾಡಿ, ಪ್ರತಿ ಚಳಿಗಾಲ ಮುಗಿಯುವ ಮೊದಲೇ ಬಿಡುಗಡೆ ಮಾಡಿಸಿ. ಹೊಸ ಮನೆ ಬರುವವರೆಗೆ ಹಳೆಯ ಮನೆಗಳ ಗಾಳಿ ವ್ಯವಸ್ಥೆ ಮತ್ತು ಬೂಷ್ಟಿನ ದುರಸ್ತಿಗೆ ಬೇರೆ ನಿಧಿ ಇಡಿ. ಹೊಡೆಸಿಕೊಂಡ ಹೆಂಗಸು ಮಕ್ಕಳೊಂದಿಗೆ ಓಡಿಹೋಗಲು ಹೆಚ್ಚಿನ ಊರುಗಳಲ್ಲಿ ಆಶ್ರಯ ಮನೆಯೇ ಇಲ್ಲ. ಆಕೆಗೆ ಉಳಿಯುವುದು ವಿಮಾನ, ಇಲ್ಲವೇ ಅದೇ ಮನೆ. ಆಶ್ರಯ ಮನೆಗಳನ್ನು ಮೊದಲ ಹಡಗಿಗೇ ಹತ್ತಿಸಿ. ಮತ್ತು ನನ್ನಂಥವರಿಗೆ ಮನೆ ಕಟ್ಟುವಾಗ, ಅದೇ ಕೆಲಸ ಮಾಡುವ ಊರಿನವರಿಗೂ ಪಕ್ಕದಲ್ಲೇ ಒಂದು ಕಟ್ಟಿ.

ನೀವು ಹುಟ್ಟಿದ್ದು ವಾಯವ್ಯ ಪ್ರಾಂತದ ಫೋರ್ಟ್ ಸ್ಮಿತ್‌ನಲ್ಲಿ. ಉತ್ತರದ ಚಳಿ ಎಂಥದೆಂದು ನಿಮಗೆ ವಿವರಿಸುವ ಅಗತ್ಯವಿಲ್ಲ.

ನನ್ನ ದುಭಾಷಿ ಗೆಳತಿ ಇನ್ನೂ ಪಟ್ಟಿಯಲ್ಲಿದ್ದಾಳೆ. ಕಳೆದ ತಿಂಗಳು ಫೋನಿನಲ್ಲಿ ಮಾತನಾಡುವಾಗ ಹಿಂದಿನಿಂದ ನಾಲ್ಕೈದು ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಈ ಪತ್ರ ಬರೆಯುತ್ತಿರುವುದನ್ನು ಆಕೆಗೆ ಹೇಳಿದ್ದೇನೆ. ನಿಮ್ಮ ಉತ್ತರ ಬಂದ ದಿನ ಅದನ್ನು ಆಕೆಗೆ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ನರ್ಸ್