ಮೆಟ್ರೊ ಸುರಂಗದಲ್ಲಿ ಮೊಬೈಲ್ ಅಬ್ಬರ

ಮಾನ್ಯರೇ,

ಶಿವಮೊಗ್ಗದಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗುವ ಮಲೆನಾಡಿನವರಲ್ಲಿ ಅನೇಕರು ಯಶವಂತಪುರದಲ್ಲಿಯೇ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿಯುತ್ತಾರೆ. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೊ ಆಸ್ಪತ್ರೆಗಳಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ ಹತ್ತಿರವಾದ್ದರಿಂದ, 2017ರಲ್ಲಿ ಈ ಸುರಂಗ ಭಾಗ ತೆರೆದಂದಿನಿಂದ ಆಟೊದವರೊಡನೆ ಚೌಕಾಸಿ ಮಾಡುವ ಕಷ್ಟ ನಮಗೆ ತಪ್ಪಿದೆ. ಆದರೆ ಮೊಬೈಲನ್ನು ಜೋರಾಗಿ ಹಾಕಿಕೊಳ್ಳುವ ಸಹಪ್ರಯಾಣಿಕರ ಚಾಳಿಯಿಂದ ಈ ಅನುಕೂಲ ಅರ್ಧಕ್ಕರ್ಧ ಕೆಡುತ್ತಿದೆ.

ಸಂಪಿಗೆ ರಸ್ತೆ ನಿಲ್ದಾಣದವರೆಗೆ ಕಿಟಕಿಯಾಚೆ ನೋಡಿ ಎಲ್ಲಿಗೆ ಬಂದೆವೆಂದು ಅಂದಾಜು ಮಾಡಬಹುದು. ಅಲ್ಲಿಂದ ಮುಂದಿನ ಮೆಜೆಸ್ಟಿಕ್, ಚಿಕ್ಕಪೇಟೆ, ಮಾರುಕಟ್ಟೆ ಮೂರೂ ನೆಲದಡಿಯ ನಿಲ್ದಾಣಗಳು. ಕಿಟಕಿಯ ಗಾಜಿನಲ್ಲಿ ನಮ್ಮ ಮುಖವಲ್ಲದೆ ಬೇರೇನೂ ಕಾಣಿಸದು. ಬಾಗಿಲ ಮೇಲಿನ ಫಲಕ ಓದೋಣವೆಂದರೆ ನಿಂತವರ ತಲೆಗಳು ಅಡ್ಡ ಬರುತ್ತವೆ, ಕಣ್ಣಿನ ಪೊರೆ ತೆಗೆಸಲೆಂದು ಮಿಂಟೊಗೆ ಹೊರಟ ಹಿರಿಯರಿಗೆ ಆ ಫಲಕ ಇದ್ದೂ ಇಲ್ಲದಂತೆ. ಉಳಿಯುವುದು ಕಿವಿಯೊಂದೇ. 2024ರಲ್ಲಿ ನಮ್ಮನ್ನು ಅಗಲಿದ ಅಪರ್ಣಾ ಅವರ ದನಿಯಲ್ಲಿ ನಾವು ಕೇಳುತ್ತ ಬಂದ ಅಚ್ಚುಕಟ್ಟಾದ ಪ್ರಕಟಣೆಗಳು ಇರುವುದೇ ಇದಕ್ಕಾಗಿ. ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಸೀಟಿನಲ್ಲಿ ರೀಲ್ಸ್ ಮೊಳಗುತ್ತಿರುತ್ತದೆ; ಇನ್ನೊಬ್ಬರು ಸುರಂಗದಲ್ಲಿ ಸಿಗ್ನಲ್ ಸಿಗದೆ "ಹಲೋ, ಕೇಳಿಸ್ತಿದೆಯಾ?" ಎಂದು ಇಡೀ ಬೋಗಿಗೆ ಕೇಳಿಸುವಂತೆ ಕೂಗುತ್ತಿರುತ್ತಾರೆ.

ಕಳೆದ ತಿಂಗಳು ಕೈಚೀಲ ಹಿಡಿದ ವೃದ್ಧೆಯೊಬ್ಬರು "ಮಾರ್ಕೆಟ್ ಬಂತೇನಮ್ಮಾ?" ಎಂದು ಎದುರಿದ್ದ ಯುವತಿಯನ್ನು ಕೇಳಿದರು. ಇಯರ್‌ಫೋನ್ ಹಾಕಿದ್ದ ಆಕೆಗೆ ಕೇಳಿಸಲಿಲ್ಲ. (ಇಯರ್‌ಫೋನ್ ಹಾಕಿಕೊಂಡವರನ್ನು ನಾನು ದೂರುವುದಿಲ್ಲ, ಅವರಿಂದ ಸದ್ದಾದರೂ ಇಲ್ಲ.) ಯಾರೋ ಹೇಳಿ ಆ ಅಜ್ಜಿ ಏಳುವಷ್ಟರಲ್ಲಿ ಬಾಗಿಲು ತೆರೆದಿತ್ತು. ಬೆನ್ನಿಗೆ ದೊಡ್ಡ ಚೀಲ ನೇತುಹಾಕಿಕೊಂಡು ಬಾಗಿಲಿಗೇ ಒರಗಿದ್ದವರು ಸರಿಯಲಿಲ್ಲ, ಹತ್ತುವವರು ಇಳಿಯುವವರಿಗೆ ಕಾಯಲಿಲ್ಲ. ಕೊನೆಗೆ ಆ ಅಜ್ಜಿ ಇಳಿದದ್ದು ಮುಂದಿನ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ.

ಬೆಂಗಳೂರಿನವರನ್ನು ಮಾತ್ರ ಬೊಟ್ಟು ಮಾಡಿ ತೋರಿಸುವಂತಿಲ್ಲ. ಶಿವಮೊಗ್ಗದಿಂದ ಬೆಳಗಿನ ಜಾವ ಹೊರಡುವ ರೈಲಿನಲ್ಲಿ ಭದ್ರಾವತಿ ಬರುವ ಮೊದಲೇ ನಮ್ಮವರ ಮೊಬೈಲುಗಳೂ ಶುರುವಾಗಿರುತ್ತವೆ.

ಮೆಟ್ರೊದಲ್ಲಿ ಇತರರಿಗೆ ಉಪದ್ರವ ಕೊಡುವುದನ್ನು 2002ರ ಮೆಟ್ರೊ ರೈಲ್ವೆ ಕಾಯ್ದೆಯ 59ನೇ ಕಲಂ ಅಪರಾಧವೆಂದೇ ಪರಿಗಣಿಸುತ್ತದೆ. ದಂಡಕ್ಕಿಂತ, ನೆಲದಡಿಯ ನಿಲ್ದಾಣಗಳ ನಡುವೆ ದಟ್ಟಣೆಯ ವೇಳೆಯಲ್ಲಾದರೂ ಸಿಬ್ಬಂದಿಯೊಬ್ಬರು ಬೋಗಿಗಳಲ್ಲಿ ಓಡಾಡಿ ಸದ್ದು ನಿಲ್ಲಿಸುವಂತೆ ಹೇಳುವುದು ಹೆಚ್ಚು ಫಲಕಾರಿ ಎಂದು ನನಗನ್ನಿಸುತ್ತದೆ. ಗುಲಾಬಿ ಮಾರ್ಗವಂತೂ ಡೇರಿ ವೃತ್ತದಿಂದ ನಾಗವಾರದವರೆಗೆ 13.76 ಕಿ.ಮೀ. ಉದ್ದಕ್ಕೂ ಸುರಂಗದಲ್ಲೇ ಸಾಗುವಂಥದ್ದು. ಅಲ್ಲಿನ 12 ನಿಲ್ದಾಣಗಳನ್ನೂ ಹೊಸಬರು ಕಿವಿಯಿಂದಲೇ ಗುರುತಿಸಬೇಕಾದ್ದರಿಂದ ಅಧಿಕಾರಿಗಳು ಈ ವ್ಯವಸ್ಥೆಯನ್ನು ಹಸಿರು ಮಾರ್ಗದಲ್ಲಿ ಈಗಲೇ ಆರಂಭಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ತೀರ್ಥಹಳ್ಳಿ