ಸಾಲ ತೀರಿತ್ತು, ಸಾಲು ತಿದ್ದಬೇಕಿತ್ತು: ನೆರವಾದವರಿಗೆ ನಮ್ಮ ನಮಸ್ಕಾರ

ಸಿಬಿಲ್ ಸ್ಕೋರು (ಹಳೇ ಸಾಲಗಳನ್ನು ಹೇಗೆ ಕಟ್ಟಿದ್ದೇವೆಂದು ನೋಡಿ ಕೊಡುವ ಅಂಕ) ಸಾಲದೆಂದು ಒಮ್ಮೆ ವಾಪಸು ಬಂದಿದ್ದ ಗೃಹಸಾಲದ ಅರ್ಜಿಗಳಲ್ಲಿ ಕೊನೆಯದೂ ಈ ವಾರ ಮಂಜೂರಾಯಿತು. ಇದರ ಹಿಂದೆ ಹಲವರ ಕೈ ಇದೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಹೇಳಿದ್ದಾರೆ. ಹಾಗಾಗಿ ಅವರು ಮಾಡಿದ ಕೆಲಸ ಏನೆಂದು ಬರೆದೇ ಋಣ ತೀರಿಸುತ್ತೇವೆ. ಇದೇ ದಾರಿಯಲ್ಲಿ ಬರುವವರಿಗೂ ಅದು ಉಪಯೋಗಕ್ಕೆ ಬಂದೀತು.

ಮೊದಲ ನಮಸ್ಕಾರ ಅರ್ಜಿದಾರರಿಗೇ. ಒಂದು ಬ್ಯಾಂಕು ಬೇಡ ಎಂದ ತಕ್ಷಣ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುವುದನ್ನು ಅವರು ನಿಲ್ಲಿಸಿದರು. ಪ್ರತಿ ಅರ್ಜಿಗೂ ನಮ್ಮ ಕ್ರೆಡಿಟ್ ವರದಿಯಲ್ಲಿ (ನಮ್ಮ ಸಾಲಗಳ ದಾಖಲೆ) ಬ್ಯಾಂಕು ಅದನ್ನು ತೆಗೆದು ನೋಡಿದ ಗುರುತಾಗಿ ಒಂದು ಎನ್‌ಕ್ವೈರಿ ಕೂರುತ್ತದೆ. ತಿಂಗಳಲ್ಲಿ ನಾಲ್ಕೈದು ಕಂಡರೆ, ಈತನಿಗೆ ದುಡ್ಡಿನ ಪರದಾಟ ಎಂದೇ ಬ್ಯಾಂಕಿನವರು ಓದುತ್ತಾರೆ. ನಮ್ಮ ವರದಿಯನ್ನು ನಾವೇ ತೆಗೆದು ನೋಡಿದರೆ ಮಾತ್ರ ಸ್ಕೋರು ಇಳಿಯುವುದಿಲ್ಲ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ, ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಾಲ್ಕನ್ನೂ ತೆಗೆಸಿ. ಸಿಬಿಲ್‌ನಲ್ಲಿ ಎಲ್ಲ ಸರಿ ಇದ್ದು, ಹಳೆಯ ಮೈಕ್ರೋಫೈನಾನ್ಸ್ ಸಂಘದ ಸಾಲವೊಂದು ಇನ್ನೊಂದು ಕಡೆ ಬಾಕಿ ತೋರಿಸುತ್ತಿರುವುದು ಅಪರೂಪವಲ್ಲ.

300ರಿಂದ 900ರ ನಡುವಿನ ಆ ಒಂದು ಸಂಖ್ಯೆ ಬರೀ ಜ್ವರದ ಕಾವು. ರೋಗ ಇರುವುದು ಕೆಳಗಿನ ಖಾತೆವಾರು ಕೋಷ್ಟಕದಲ್ಲಿ. ಅಲ್ಲಿ ತಿಂಗಳಿಗೊಂದರಂತೆ 36 ತಿಂಗಳ ಚೌಕಗಳಿರುತ್ತವೆ. 000 ಎಂದರೆ ಕಂತು ಸರಿಯಾಗಿ ಬಂದಿದೆ. 032 ಎಂದರೆ 32 ದಿನ ತಡ. ಮೂರು ಎಕ್ಸ್ ಇದ್ದರೆ ಬ್ಯಾಂಕು ಆ ತಿಂಗಳ ಮಾಹಿತಿ ಕಳಿಸಿಲ್ಲ ಎಂದಷ್ಟೇ, ಅದಕ್ಕೆ ಹೆದರಬೇಕಿಲ್ಲ. ಬೈಕ್ ಸಾಲದ ಒಂದು ಸಾಲು ಹೀಗಿರುತ್ತದೆ: ಬಾಕಿ 0, ಓವರ್‌ಡ್ಯೂ 0, ಸ್ಥಿತಿ 'ಸೆಟಲ್ಡ್'. ಸಾಲಗಾರ ಎರಡು ಸೊನ್ನೆ ನೋಡಿ ನಿಟ್ಟುಸಿರು ಬಿಡುತ್ತಾನೆ, ಸಾಲ ಕೊಡುವವರ ಕಣ್ಣು ಕೊನೆಯ ಪದದ ಮೇಲೆ ನಿಲ್ಲುತ್ತದೆ. ಸೆಟಲ್ಡ್ ಎಂದರೆ ಪೂರ್ತಿ ಬರಲಿಲ್ಲ, ಸಿಕ್ಕಷ್ಟಕ್ಕೆ ಬ್ಯಾಂಕು ಕೈತೊಳೆದುಕೊಂಡಿದೆ ಎಂದರ್ಥ. 'ರೈಟ್ ಆಫ್' ಇನ್ನೂ ಕೆಟ್ಟದ್ದು. ಸಾಲಮನ್ನಾ ನೋಡಿ ಬೆಳೆದ ನಮ್ಮ ಕಡೆಯವರು ಅದನ್ನೂ ಮನ್ನಾ ಎಂದೇ ತಿಳಿಯುತ್ತಾರೆ. ಅಲ್ಲ. ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ತೆಗೆದಿದೆಯೇ ಹೊರತು ವಸೂಲಿಯ ಹಕ್ಕು ಬಿಟ್ಟಿಲ್ಲ.

ಇಲ್ಲೇ ಬ್ರಾಂಚುಗಳ ಸಾಲದ ವಿಭಾಗದವರನ್ನು ನೆನೆಯಬೇಕು. ಮುಗಿದುಹೋದ ಖಾತೆಗಾಗಿ ಹಳೇ ಲೆಡ್ಜರು ಕೆದಕಲು ಅವರಿಗೆ ಯಾವ ಲಾಭವೂ ಇರಲಿಲ್ಲ. ಕ್ರಮ ಇಷ್ಟು: ಸೆಟಲ್‌ಮೆಂಟಿನಲ್ಲಿ ಬಿಟ್ಟ ಮೊತ್ತ ಎಷ್ಟು, ಅದನ್ನು ಕಟ್ಟಿದರೆ ಸ್ಥಿತಿ 'ಕ್ಲೋಸ್ಡ್' ಎಂದು ಬದಲಾಗುತ್ತದೆಯೇ ಎಂದು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಬೇಕು. ಆಮೇಲೆ ದುಡ್ಡು. ಅದೂ ನಿಮ್ಮ ಖಾತೆಯಿಂದ ನೇರ ಸಾಲದ ಖಾತೆಗೆ. ಮನೆ ಬಾಗಿಲಿಗೆ ಬಂದ ರಿಕವರಿಯವರ ಕೈಗೆ ನಗದು ಕೊಡಬೇಡಿ. ಕೊನೆಗೆ ನೋ ಡ್ಯೂ ಸರ್ಟಿಫಿಕೇಟ್. ಅದರಲ್ಲಿ ಪೂರ್ತಿ ಖಾತೆ ಸಂಖ್ಯೆ, ಕಟ್ಟಿದ ತಾರೀಖು, ಬಾಕಿ ಏನೂ ಇಲ್ಲ ಎಂಬ ಮಾತು, ಸೀಲು, ಸಹಿ ಇರಬೇಕು. ಹಳೇ ನಮೂನೆಯನ್ನೇ ಬಳಸಿ 'ಸೆಟಲ್‌ಮೆಂಟ್ ಪ್ರಕಾರ' ಎಂಬ ಪದ ಉಳಿದುಬಿಟ್ಟರೆ ಅಷ್ಟೂ ಶ್ರಮ ನೀರುಪಾಲು. ಕೌಂಟರು ಬಿಡುವ ಮೊದಲು ನಿಂತಲ್ಲೇ ಓದಿಕೊಳ್ಳಿ.

ಕಾಗದ ಯಾರಿಂದ ಪಡೆಯಬೇಕು ಎಂಬುದೇ ಕೆಲವೊಮ್ಮೆ ಗೋಜಲು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದವು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಹಳೇ ಪಾಸ್‌ಬುಕ್ಕಿನ ಸಂಖ್ಯೆ ಹಿಡಿದು ಹೋದವರು ಹೊಸ ಸಂಖ್ಯೆಯನ್ನೂ ಅರ್ಜಿಯಲ್ಲಿ ಬರೆಯಬೇಕು. ಸಾಲವನ್ನು ಆಸ್ತಿ ಪುನರ್ರಚನಾ ಕಂಪನಿಗೆ (ಬ್ಯಾಂಕುಗಳ ವಸೂಲಾಗದ ಸಾಲ ಕೊಳ್ಳುವ ಕಂಪನಿ) ಮಾರಿದ್ದರೆ, ಕಾಗದ ಕೊಡಬೇಕಾದವರು ಆ ಕಂಪನಿಯವರು, ಮೂಲ ಬ್ಯಾಂಕಲ್ಲ.

ಸಿಬಿಲ್‌ನವರು ತಾವಾಗಿ ಒಂದಕ್ಷರವನ್ನೂ ತಿದ್ದುವುದಿಲ್ಲ, ಸಾಲ ಕೊಟ್ಟವರು ಹೇಳಿದರಷ್ಟೇ ಬದಲಿಸುತ್ತಾರೆ. ಆದ್ದರಿಂದ ಆನ್‌ಲೈನಿನಲ್ಲಿ ಡಿಸ್ಪ್ಯೂಟ್ (ನಮೂದು ತಪ್ಪೆಂಬ ತಕರಾರು) ಹಾಕಿದ ದಿನವೇ ಬ್ಯಾಂಕಿಗೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವರದಿಯ ಗುರುತಿನ ಸಂಖ್ಯೆಯಾದ ಕಂಟ್ರೋಲ್ ನಂಬರು ಎರಡರಲ್ಲೂ ಇರಲಿ. ಬ್ಯಾಂಕಿಗೆ 21 ದಿನ, ಒಟ್ಟು 30 ದಿನ ಗಡುವು. ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ಆರ್‌ಬಿಐ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಮೊತ್ತ ಸಣ್ಣದು, ಆದರೆ ಅರ್ಜಿಯಲ್ಲಿ ಆ ಸಾಲೊಂದನ್ನು ಬರೆದರೆ ಫೈಲು ಬೇಗ ಎದ್ದು ಓಡಾಡುತ್ತದೆ. ಅದಕ್ಕೂ ಜಗ್ಗದಿದ್ದರೆ ದೂರು ಕೇಳುವ ಅಧಿಕಾರಿ, ಅಂದರೆ ಆರ್‌ಬಿಐ ಓಂಬುಡ್ಸ್‌ಮನ್. 2022ರ ಸೆಪ್ಟೆಂಬರಿನಿಂದ ಸಿಬಿಲ್‌ನಂಥ ಕಂಪನಿಗಳೂ ಆ ವ್ಯಾಪ್ತಿಗೆ ಬರುತ್ತವೆ.

ಇನಿಷಿಯಲ್‌ಗಳ ಕಾಟ ಬಿಡಿಸಿದವರಿಗೆ ಬೇರೆಯೇ ಸಲಾಮು. ಒಂದು ಕಡೆ ಕೆ. ಮಂಜುನಾಥ, ಇನ್ನೊಂದು ಕಡೆ ಮಂಜುನಾಥ ಕೆ., ಪ್ಯಾನ್ ಕಾರ್ಡಿನಲ್ಲಿ ಮಂಜುನಾಥ ಕೃಷ್ಣಪ್ಪ. ಅಪ್ಪನ ಹೆಸರೋ ಊರಿನ ಹೆಸರೋ ಅಲ್ಲಿ ಸರ್‌ನೇಮ್ ಆಗಿ ಕೂತಿರುತ್ತದೆ. ಹುಟ್ಟಿದ ತಾರೀಖು ಅಥವಾ ಪ್ಯಾನಿನ ಒಂದು ಅಕ್ಷರ ತಪ್ಪಿದರೂ ಸಾಕು, ಬೇರೊಬ್ಬ ಮಂಜುನಾಥನ ಸಾಲ ನಿಮ್ಮ ತಲೆಗೆ. ವರದಿಯ ಮೊದಲ ಪುಟದ ಹೆಸರು, ಪ್ಯಾನ್, ವಿಳಾಸ, ಫೋನ್ ನಂಬರುಗಳಲ್ಲಿ ನಿಮ್ಮದಲ್ಲದ್ದು ಯಾವುದಿದ್ದರೂ ಅಲ್ಲಿಂದಲೇ ಹುಡುಕಾಟ ಶುರು ಮಾಡಿ.

ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ಗೆದ್ದುಕೊಟ್ಟದ್ದು ಮನೆಯ ಗೋಡೆಯ ಕ್ಯಾಲೆಂಡರು, ಅದರಲ್ಲಿ ತಾರೀಖು ಗುರುತು ಹಾಕಿದ ಹೆಣ್ಣುಮಕ್ಕಳು. ಲಿಮಿಟ್ 60,000, ಬಳಸಿದ್ದು 52,000, ಪ್ರತಿ ತಿಂಗಳೂ ಪೂರ್ತಿ ಪಾವತಿ. ಆದರೂ ಸ್ಕೋರು ಏಳುವುದಿಲ್ಲ, ಯಾಕೆ? ಸಾಮಾನ್ಯವಾಗಿ ವರದಿಗೆ ಹೋಗುವುದು ಬಿಲ್ಲು ತಯಾರಾದ ದಿನದ ಬಾಕಿ. ಕಡೇ ದಿನ ಕಟ್ಟಿದರೂ ಅಲ್ಲಿ ಕಾಣುವುದು ಶೇ. 87 ಬಳಕೆ. ಬಿಲ್ಲಿನ ತಾರೀಖಿಗೆ ಮೂರು ನಾಲ್ಕು ದಿನ ಮೊದಲೇ 35,000 ಕಟ್ಟಿಬಿಟ್ಟರೆ ಉಳಿಯುವುದು 17,000, ಅಂದರೆ ಶೇ. 30ಕ್ಕಿಂತ ಕೆಳಗೆ. ಬರೀ ಮಿನಿಮಮ್ ಡ್ಯೂ ಕಟ್ಟುತ್ತಿದ್ದರೆ ತಡ ಎಂದು ಬರುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಹಳೇ ಕಾರ್ಡನ್ನು ಸಿಟ್ಟಿನಲ್ಲಿ ಮುಚ್ಚಿಸಬೇಡಿ, ಒಟ್ಟು ಲಿಮಿಟ್ ಕುಗ್ಗಿ ಬಳಕೆಯ ಶೇಕಡಾವಾರು ಮೇಲೇರುತ್ತದೆ. ಯಾವ ಸಾಲವೂ ಚಾಲ್ತಿಯಲ್ಲಿ ಇಲ್ಲದವರು ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡು ಪಡೆದು, ಗ್ಯಾಸು, ಫೋನು ಬಿಲ್ಲಿಗಷ್ಟೇ ಬಳಸಿ ಪೂರ್ತಿ ಕಟ್ಟುತ್ತಾ ಬಂದರು. ಪತ್ತಿನ ಸಹಕಾರ ಸಂಘದಲ್ಲಿ ಎಷ್ಟೇ ನಿಯತ್ತಾಗಿ ಕಟ್ಟಿದ್ದರೂ ಅದು ಸಾಮಾನ್ಯವಾಗಿ ಈ ವರದಿಗಳಿಗೆ ಬರುವುದಿಲ್ಲ, ಅನ್ಯಾಯ ಅನಿಸಿದರೂ ಸದ್ಯ ಇರುವುದು ಹಾಗೆ.

ನಮ್ಮ ಅರ್ಜಿದಾರರಿಂದ ಜಾಮೀನು ಹಾಕಿಸಿಕೊಂಡ ಗೆಳೆಯರಿಗೂ ಎರಡು ಮಾತು. ನಿಮ್ಮ ಕಂತು ತಪ್ಪಿದ್ದು ಜಾಮೀನುದಾರರ ವರದಿಯಲ್ಲೂ ಕಾಣುತ್ತದೆ. ತಿಳಿದ ದಿನವೇ ಬಾಕಿ ಕಟ್ಟಿ ರಸೀದಿ ತಂದುಕೊಟ್ಟಿರಿ, ಉಪಕಾರವಾಯಿತು.

ಹದಿನೈದು ದಿನದಲ್ಲಿ ಸ್ಕೋರು 750 ಮಾಡಿಸಿಕೊಡುತ್ತೇವೆ ಎಂದು ಮುಂಗಡ ಕೇಳಿದವರಿಗೆ ಮಾತ್ರ ಇಲ್ಲಿ ನಮಸ್ಕಾರ ಇಲ್ಲ. ತಪ್ಪಾಗಿ ಬಿದ್ದ ನಮೂದು ಒಂದೆರಡು ತಿಂಗಳಲ್ಲಿ ಸರಿಹೋಗಬಹುದು. ನಿಜವಾಗಿ ತಪ್ಪಿದ ಕಂತನ್ನು ಯಾರೂ ಅಳಿಸಲಾರರು, ಅದರ ಮೇಲೆ ಆರೆಂಟು ತಿಂಗಳ 000 ಸಾಲಾಗಿ ಬಂದು ಕೂರಬೇಕು. ಸ್ಕೋರು ಏರಿದರೆ ಬಡ್ಡಿ ಇಳಿಯಬಹುದು. 40 ಲಕ್ಷಕ್ಕೆ 20 ವರ್ಷ ಲೆಕ್ಕ ಹಾಕಿ: ಶೇ. 9.25ಕ್ಕೆ ಕಂತು ಸುಮಾರು 36,635, ಶೇ. 8.5ಕ್ಕೆ 34,713. ಕೊನೆಗೆ ವ್ಯತ್ಯಾಸ 4.6 ಲಕ್ಷ ದಾಟುತ್ತದೆ. ಕಾಯೋಣ ಎಂದು ಮನೆಯವರನ್ನು ಒಪ್ಪಿಸಿದ್ದು ಈ ಲೆಕ್ಕವೇ. ಅಡ್ವಾನ್ಸ್ ಪಡೆದೂ ಅಷ್ಟು ದಿನ ತಾಳಿಕೊಂಡ, ಮನೆ ಮಾರಿದ ಮಾಲೀಕರಿಗೆ ಏನು ಹೇಳಿದರೂ ಕಡಿಮೆಯೇ.

ಮಂಜೂರಾದವರು ಸಾಲದ ಹಣ ಬಿಡುಗಡೆಯಾಗುವ ತನಕ ಫ್ರಿಜ್ಜಿಗೋ ಸೋಫಾಕ್ಕೋ ಕಂತಿನ ಸಾಲ ಮಾಡಬೇಡಿ. ಹಣ ಬಿಡುವ ಮುನ್ನ ಬ್ಯಾಂಕು ವರದಿಯನ್ನು ಇನ್ನೊಮ್ಮೆ ತೆಗೆದು ನೋಡಬಹುದು. ನೋ ಡ್ಯೂ ಕಾಗದಗಳ ಮೂಲಪ್ರತಿ ನಮ್ಮಲ್ಲಿ ಬಿಟ್ಟುಹೋದವರು ಬಂದು ತೆಗೆದುಕೊಂಡು ಹೋಗಿ. ಬರುವಾಗ ಸಿಹಿ ಬೇಡ, ಹೊಸ ವರದಿಯ ಒಂದು ಪ್ರತಿ ತಂದರೆ ಸಾಕು, 'ಕ್ಲೋಸ್ಡ್' ಎಂದು ಬಂದಿದೆಯೇ ಎಂದು ಒಟ್ಟಿಗೆ ನೋಡೋಣ.