ಮಗಳಿಗೊಂದು ಪತ್ರ: "ನಂಗೇನೂ ಬೇಡ" ಅಂತ ಸೈನ್ ಹಾಕ್ಬೇಡ ಪುಟ್ಟಿ

ಪುಟ್ಟಿ,

"ಅಮ್ಮಾ ನಂಗೆ ಆ ಮನೇನೂ ಬೇಡ, ಅವನ ದುಡ್ಡೂ ಬೇಡ, ಮುಗಿದ್ರೆ ಸಾಕು" ಅಂದ್ಯಲ್ಲ ಫೋನಲ್ಲಿ, ಆಗ್ಲೇ ಉತ್ತರ ಕೊಡೋಕೆ ನಂಗೆ ಗಂಟಲು ಕಟ್ತು, ಅದಕ್ಕೇ ಕೂತು ಬರೀತಿದ್ದೀನಿ. ನಿಂಗೆಷ್ಟು ಸಾಕಾಗಿದೆ ಅಂತ ಗೊತ್ತು ಕಣೆ. ಆದ್ರೆ ನಿನ್ನ ಗಂಡನ ಲಾಯರ್ ಕಳಿಸಿರೋ ಡಿವೋರ್ಸ್ ಡ್ರಾಫ್ಟ್ ಪೂರ್ತಿ ಓದಿದೆ. ಹೆಂಡತಿ ಮುಂದೆ ಯಾವತ್ತೂ ಜೀವನಾಂಶ ಆಗಲಿ ಆಸ್ತಿ ಆಗಲಿ ಕೇಳೋ ಹಾಗಿಲ್ಲ ಅಂತ ಕೊನೆ ಪೇಜಲ್ಲಿ ಒಂದು ಸಾಲಿದೆ, ಅದಕ್ಕೆ ಸೈನ್ ಹಾಕಿ ಡಿಕ್ರಿ, ಅಂದ್ರೆ ಕೋರ್ಟಿನ ಕೊನೇ ಆದೇಶ, ಆಗ್ಬಿಟ್ರೆ ಆಮೇಲೆ ಏನು ಬಡ್ಕೊಂಡ್ರೂ ವಾಪಸ್ ಕೇಳೋದು ತುಂಬಾ ಕಷ್ಟ.

ಮೊದ್ಲು ಮನೆ ವಿಷ್ಯ. ಮದುವೆ ಮುರಿದ ತಕ್ಷಣ ಮನೆ ಅರ್ಧ ಅರ್ಧ ಅನ್ನೋ ಕಾನೂನು ನಮ್ಮಲ್ಲಿಲ್ಲ, ಗೋವಾದಲ್ಲಿ ಬೇರೆ ಪದ್ಧತಿ. ನಮ್ಮಲ್ಲಿ ನೋಡೋದು ಕ್ರಯಪತ್ರ ಯಾರ ಹೆಸರಲ್ಲಿದೆ, ದುಡ್ಡು ಯಾರು ಹಾಕಿದ್ರು ಅಂತ. ನಿಮ್ಮ ಫ್ಲಾಟ್ ಪತ್ರದಲ್ಲಿ ಇಬ್ರ ಹೆಸರೂ ಇದೆ, ಯಾರಿಗೆ ಎಷ್ಟು ಪಾಲು ಅಂತ ಬರೆದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ 45ನೇ ಸೆಕ್ಷನ್ ಪ್ರಕಾರ ಯಾರು ಎಷ್ಟು ಹಾಕಿದ್ರೋ ಅಷ್ಟು ಪಾಲು, ಅದಕ್ಕೆ ಸಾಕ್ಷಿ ಇಲ್ದಿದ್ರೆ ಸಮ ಪಾಲು ಅಂತ ಲೆಕ್ಕ. "ಇಎಂಐ ಎಲ್ಲಾ ನಾನೇ ಕಟ್ಟಿದ್ದು" ಅಂತ ಅವನು ಹೇಳ್ತಿರೋದು ಇದಕ್ಕೇ. ಹಂಗಾದ್ರೆ ನಿಮ್ಮಪ್ಪ ನಿನ್ನ ಹೆಸರಿಗೆ ಮಾಡಿದ್ದ ಹಾಸನದ ಸೈಟ್ ಮಾರಿ 18 ಲಕ್ಷ ಡೌನ್ ಪೇಮೆಂಟ್ ಕೊಟ್ಟಿದ್ದು ಯಾರು? ಆ ದುಡ್ಡು ನಿನ್ನ ಅಕೌಂಟಿಂದಾನೇ ಬಿಲ್ಡರ್‌ಗೆ ಹೋಗಿದೆ, ಆ ಸ್ಟೇಟ್‌ಮೆಂಟ್ ಬ್ಯಾಂಕಿಂದ ಸೀಲ್ ಹಾಕಿಸಿ ತಗೋ. ನೀನು ಕೆಲಸಕ್ಕೆ ಹೋಗ್ತಿದ್ದಾಗ ರೇಷನ್ನು, ಸ್ಕೂಲ್ ಫೀಸು, ಮನೆಕೆಲಸದವ್ರ ಸಂಬಳ ಎಲ್ಲಾ ನಿನ್ನ ಸಂಬಳದಲ್ಲಿ ಹೋಯ್ತು, ಅದಕ್ಕೇ ಅವನ ಸಂಬಳ ಇಎಂಐಗೆ ಉಳೀತು. ಆ ಸ್ಟೇಟ್‌ಮೆಂಟೂ ಬೇಕು.

ಲೆಕ್ಕ ನೋಡು. ಫ್ಲಾಟಿಗೆ ಇವತ್ತು 95 ಲಕ್ಷ ಬರುತ್ತೆ ಅಂತ ಅವನೇ ಹೇಳಿದ್ದಾನೆ, ಲೋನ್ ಬಾಕಿ 41 ಲಕ್ಷ, ಉಳಿಯೋದು 54, ಅದ್ರಲ್ಲಿ ಅರ್ಧ 27. ಅವನು ಕೊಡ್ತೀನಿ ಅಂತಿರೋದು 10. ನೀನು ಹಾಕಿದ 18 ಲಕ್ಷಾನೂ ಅದ್ರಲ್ಲಿ ಬರಲ್ಲ!

ಇನ್ನು ನಾನು ಬ್ಯಾಂಕಲ್ಲಿ ಲೋನ್ ಸೆಕ್ಷನ್ನಲ್ಲಿ ಕೂತು ಕಣ್ಣಾರೆ ಕಂಡಿರೋದು ಹೇಳ್ತೀನಿ, ಇದನ್ನ ಮಾತ್ರ ಎರಡು ಸಲ ಓದ್ಕೋ. ಕೋರ್ಟಲ್ಲಿ ಮನೆ ಅವನಿಗೆ, ಲೋನೂ ಅವನೇ ಕಟ್ಟಬೇಕು ಅಂತ ಬರೆಸ್ಕೊಂಡ್ರೂ ಬ್ಯಾಂಕಿಗೂ ಅದಕ್ಕೂ ಸಂಬಂಧ ಇಲ್ಲ. ಲೋನ್ ಪೇಪರಲ್ಲಿ ನಿನ್ನ ಸೈನ್ ಇರೋವರೆಗೂ ನೀನೂ ಸಾಲಗಾರಳೇ. ಅವನು ಮೂರು ಕಂತು ಬಿಟ್ರೆ ನೋಟಿಸ್ ನಿಂಗೂ ಬರುತ್ತೆ, ಸಿಬಿಲ್, ಅಂದ್ರೆ ಸಾಲ ತೀರಿಸೋದ್ರ ಸ್ಕೋರು, ನಿಂದೂ ಕೆಡುತ್ತೆ. ಡಿವೋರ್ಸ್ ಆಗಿ ಎಷ್ಟೋ ವರ್ಷ ಆದ್ಮೇಲೆ ನೋಟಿಸ್ ಹಿಡ್ಕೊಂಡು ಕೌಂಟರ್ ಮುಂದೆ ಅಳ್ತಾ ನಿಂತಿದ್ದ ಹೆಣ್ಮಕ್ಕಳನ್ನ ನಾನು ನೋಡಿದ್ದೀನಿ. ಹಾಗಾಗಿ ಅವನು ಲೋನನ್ನ ಪೂರ್ತಿ ತನ್ನೊಬ್ಬನ ಹೆಸರಿಗೆ ಮಾಡಿಸ್ಕೊಂಡು, ನಿನ್ನನ್ನ ಬಿಡುಗಡೆ ಮಾಡಿದೀವಿ ಅಂತ ಬ್ಯಾಂಕ್ ಲೆಟರ್ ಕೊಟ್ಟು, ನಿನ್ನ ದುಡ್ಡಿನ ಡಿಡಿ ಕೈಗೆ ಬಂದ ದಿನಾನೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ನಿನ್ನ ಪಾಲು ಬಿಟ್ಕೊಡೋ ರಿಲೀಸ್ ಡೀಡ್ ಮಾಡ್ಕೊಡು, ಒಂದು ದಿನ ಮುಂಚೆ ಬೇಡ. ಅವನ ಕೈಲಿ ಆಗಲ್ಲ ಅಂದ್ರೆ ಮಾರಿ ಹಂಚ್ಕೊಳ್ಳಿ. ಅಲ್ಲಿವರೆಗೂ ಮನೆ ಬಿಟ್ಟು ಬರ್ಬೇಡ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ, ಸುಮ್ಮನೆ ಹೊರಗೆ ಹಾಕೋಕಾಗಲ್ಲ. ಆದ್ರೆ ಕೈ ಎತ್ತಿದ್ರೆ ಮಾತ್ರ ಒಂದು ನಿಮಿಷ ಇರ್ಬೇಡ, ಮಗು ಕರ್ಕೊಂಡು ಸೀದಾ ಇಲ್ಲಿಗೆ ಬಾ.

ಜೀವನಾಂಶ ಕೇಳೋಕೆ ನಿಂಗೆ ನಾಚಿಕೆ ಅಂತೆ. ಯಾಕೆ ನಾಚಿಕೆ? ಮಗು ಆದ್ಮೇಲೆ ಕೆಲಸ ಬಿಡು ಅಂತ ಹೇಳಿದ್ದು ಅವರ ಮನೆಯವರೇ. 2020ರಲ್ಲಿ ರಜನೇಶ್-ನೇಹಾ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ, ಮಕ್ಕಳಿಗೋಸ್ಕರ ಕೆಲಸ ಬಿಟ್ಟೋಳು ಇಷ್ಟು ವರ್ಷ ಆದ್ಮೇಲೆ ಮತ್ತೆ ಕೆಲಸ ಹುಡುಕೋದು ಸುಲಭ ಅಲ್ಲ, ಅದನ್ನ ಲೆಕ್ಕಕ್ಕೆ ತಗೋಬೇಕು ಅಂತ. ಜೀವನಾಂಶದ ಕೇಸಲ್ಲಿ ಇಬ್ರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು ಅಂತಾನೂ ಅದ್ರಲ್ಲೇ ಹೇಳಿರೋದು. ನೀವು ಮ್ಯೂಚುಯಲ್, ಅಂದ್ರೆ ಇಬ್ರೂ ಒಪ್ಪಿ ಡಿವೋರ್ಸ್, ಅಂತ ಹೊರಟಿದ್ರೂ ಆ ಥರದ ವಿವರ ಅವನಿಂದ ಮೊದ್ಲೇ ಇಸ್ಕೋ, ಪಿಎಫ್ಫು, ಶೇರು, ಬೋನಸ್ಸು ಎಲ್ಲಾ. ಎಷ್ಟು ಅನ್ನೋದಕ್ಕೆ ಫಿಕ್ಸ್ ರೇಟ್ ಇಲ್ಲ. 2017ರಲ್ಲಿ ಒಂದು ಕೇಸಲ್ಲಿ ಗಂಡನ ಕೈಗೆ ಬರೋ ಸಂಬಳದ ಶೇಕಡಾ 25 ಸರಿ ಅಂದಿತ್ತು ಸುಪ್ರೀಂ ಕೋರ್ಟ್, ಎಲ್ಲರೂ ಅದನ್ನೇ ಹೇಳ್ತಾರೆ, ಆದ್ರೆ ನಿಜವಾಗಿ ಆದಾಯ, ಖರ್ಚು, ಎಷ್ಟು ವರ್ಷದ ಮದುವೆ ಎಲ್ಲಾ ನೋಡ್ತಾರೆ. ನನ್ನ ಕೇಳಿದ್ರೆ ನಿಂಗೆ ಒಂದೇ ಗಂಟು ತಗೊಳ್ಳೋದು ವಾಸಿ, ತಿಂಗಳು ತಿಂಗಳು ಅಂದ್ರೆ ಅವನು ನಿಲ್ಲಿಸಿದಾಗೆಲ್ಲಾ ಕೋರ್ಟಿಗೆ ಅಲೀಬೇಕು.

ಮಗು ಖರ್ಚು ಬೇರೆ, ಅದನ್ನ ಇದ್ರಲ್ಲಿ ಸೇರಿಸೋಕೆ ಬಿಡ್ಬೇಡ. ಅದು ಮಗೂದು, ಬೇಡ ಅನ್ನೋ ಹಕ್ಕು ನಿಂಗೂ ಇಲ್ಲ. ಒಡವೆ, ನಾವು ಕೊಟ್ಟ ಬೆಳ್ಳಿ ಎಲ್ಲಾ ನಿನ್ನ ಸ್ತ್ರೀಧನ, ಅದು ಪಾಲಿಗೆ ಬರಲ್ಲ, ಲಾಕರ್ ಕೀ ನಿನ್ನ ಹತ್ರಾನೇ ಇರಲಿ.

ಅವನ ಲಾಯರ್ ಅವಸರ ಮಾಡ್ತಿದ್ದಾರಲ್ಲ, ನೀನು ಹೆದರ್ಬೇಡ. ಅರ್ಜಿ ಹಾಕಿದ್ಮೇಲೆ ಆರು ತಿಂಗಳು ಟೈಮ್ ಇರುತ್ತೆ, ಇಬ್ರೂ ಕೇಳ್ಕೊಂಡ್ರೆ ಕೋರ್ಟು ಅದನ್ನ ಕಮ್ಮಿ ಮಾಡಬಹುದು, ನೀನು ಕೇಳ್ಕೋಬೇಡ ಅಷ್ಟೇ. ಡಿಕ್ರಿ ಆಗೋವರೆಗೂ ಒಪ್ಪಿಗೆ ವಾಪಸ್ ತಗೊಳ್ಳೋ ಹಕ್ಕೂ ನಿಂಗಿದೆ.

ಊರಲ್ಲಿ ನಾಲ್ಕು ಜನ ಏನಾದ್ರೂ ಅನ್ಕೊಳ್ಳಲಿ, ಅದನ್ನ ನಾನು ನೋಡ್ಕೋತೀನಿ. ನಿಮ್ಮಪ್ಪನ ಸೈಟ್ ಪತ್ರದ ಜೆರಾಕ್ಸ್ ನನ್ನ ಬೀರುವಲ್ಲಿದೆ, ಗುರುವಾರ ತಗೊಂಡು ಬರ್ತೀನಿ, ನೀನು ಸ್ಟೇಟ್‌ಮೆಂಟ್ ತೆಗೆಸಿಡು, ಶುಕ್ರವಾರ ನಮ್ಮ ಲಾಯರ್ ಹತ್ರ ಇಬ್ರೂ ಹೋಗೋಣ. ಅಲ್ಲಿವರೆಗೂ ಅವನು ಏನೇ ಪೇಪರ್ ಕೊಟ್ರೂ "ಅಮ್ಮ ಓದ್ಬೇಕಂತೆ" ಅನ್ನು.

ಊಟ ಬಿಡ್ಬೇಡ.

ನಿನ್ನ ಅಮ್ಮ